ಅಗ್ಗದ ಸರಕು ಹಡಗು ಕಟ್ಟುವುದು ಹೇಗೆ: ಟ್ರಾವೆಲರ್ ಆಟಗಾರರಿಗೆ ಕಂತಿನ ಲೆಕ್ಕ

ಬಾಹ್ಯಾಕಾಶದಲ್ಲಿ ನಡೆಯುವ, ದಾಳ ಹಾಕಿ ಪಾತ್ರ ವಹಿಸುವ ಟ್ರಾವೆಲರ್ ಆಟಕ್ಕೆ ಹೊಸಬರು ಸರಕು ಹಡಗು ವಿನ್ಯಾಸ ಮಾಡಲು ಕೂತರೆ ಮೊದಲು ಕಣ್ಣು ಹಾಯಿಸುವುದು ಒಟ್ಟು ಬೆಲೆಯ ಮೇಲೆ. ಇಲ್ಲಿ ಐದು ಲಕ್ಷ ಇಳಿಸು, ಅಲ್ಲಿ ಹತ್ತು ಲಕ್ಷ ಉಳಿಸು. ಹಡಗು ಅಗ್ಗವಾಗುತ್ತದೆ, ನಿಜ. ನಾಲ್ಕು ಸಲ ಆಡುವಷ್ಟರಲ್ಲಿ ಕಂತು ಕಟ್ಟಲಾಗದೆ ಬ್ಯಾಂಕಿನವರು ಬೆನ್ನು ಹತ್ತಿರುತ್ತಾರೆ. ಲಾರಿ ಇಟ್ಟುಕೊಂಡವರು ಗಾಡಿಯ ಬೆಲೆ ಮಾತಾಡುವುದು ಕಡಿಮೆ. ತಿಂಗಳ ಕಂತೆಷ್ಟು, ಲೋಡ್ ಎಷ್ಟು ಹಿಡಿಯುತ್ತೆ, ವಾಪಸ್ ಬರುವಾಗ ಬಾಡಿಗೆ ಸಿಗುತ್ತಾ ಎಂದು ಕೇಳುತ್ತಾರೆ. ಹಡಗಿಗೂ ಇದೇ ಮೂರು ಪ್ರಶ್ನೆ.

ಇಲ್ಲಿನ ಅಂಕಿಗಳೆಲ್ಲ 1977ರಲ್ಲಿ ಬಂದು 1981ರಲ್ಲಿ ಪರಿಷ್ಕೃತವಾದ ಹಳೇ ಟ್ರಾವೆಲರ್ ನಿಯಮಗಳವು. ಪುಟ್ಟ ಕಪ್ಪು ಪುಸ್ತಕಗಳಲ್ಲಿ ಎರಡನೆಯದು. ಮುಂದಿನ ಆವೃತ್ತಿಗಳಲ್ಲಿ ಬೆಲೆಗಳು ಬದಲಾಗಿವೆ, ಲೆಕ್ಕ ಹಾಕುವ ದಾರಿ ಮಾತ್ರ ಅದೇ. ಕ್ರೆಡಿಟ್ ಎಂದರೆ ಈ ಆಟದ ಹಣ. ಪುಸ್ತಕದಲ್ಲಿ ಬೆಲೆ ಮಿಲಿಯನ್ ಕ್ರೆಡಿಟ್‌ನಲ್ಲಿದೆ. ನಮಗೆ ಲಕ್ಷ, ಕೋಟಿಯೇ ಸಲೀಸು.

ಮೊದಲು ಅಳತೆಗೋಲು

ಹಡಗಿನ ಬೆಲೆಯ 20 ಶೇಕಡಾ ಮುಂಗಡ. ಆಮೇಲೆ ತಿಂಗಳಿಗೆ ಬೆಲೆಯ 240ರಲ್ಲಿ ಒಂದು ಪಾಲು, 480 ತಿಂಗಳು. ಅಂದರೆ ಬೆಲೆಗೆ ಸೇರಿಸಿದ ಪ್ರತಿ 10 ಲಕ್ಷಕ್ಕೂ ತಿಂಗಳಿಗೆ 4,167 ಕ್ರೆಡಿಟ್ ಕಂತು.

ಇನ್ನೊಂದು ಕಡೆ ಗಳಿಕೆ. ಒಂದು ಜಂಪ್, ಅಂದರೆ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ನೆಗೆಯುವುದು, ಒಂದು ವಾರ ಹಿಡಿಯುತ್ತದೆ, ಬಂದರಿನಲ್ಲಿ ಇಳಿಸಿ ತುಂಬಲು ಇನ್ನೊಂದು ವಾರ. ತಿಂಗಳಿಗೆ ಎರಡೇ ಟ್ರಿಪ್. ಬಾಡಿಗೆ ಟನ್ನಿಗೆ 1,000. ಒಂದು ಟನ್ ಜಾಗ ಎರಡೂ ಸಲ ತುಂಬಿದರೆ ತಿಂಗಳಿಗೆ 2,000.

ಎರಡನ್ನೂ ಎದುರುಬದುರು ಇಡಿ: ಒಂದು ಟನ್ ಜಾಗದ ಬೆಲೆ 4.8 ಲಕ್ಷ ಕ್ರೆಡಿಟ್. ಈ ಅಂಕಿಯನ್ನು ಹಾಳೆಯ ತುದಿಯಲ್ಲಿ ಬರೆದಿಟ್ಟುಕೊಳ್ಳಿ. ಯಾವ ಭಾಗ ಹಾಕಲಿ, ಯಾವುದು ಬಿಡಲಿ ಎಂಬ ಪ್ರಶ್ನೆಗೆಲ್ಲ ಉತ್ತರ ಇದರಲ್ಲೇ ಇದೆ. ಒಂದು ಟನ್ ಉಳಿಸಲು 6 ಲಕ್ಷ ಹೆಚ್ಚು ಕೊಡುತ್ತಿದ್ದೀರಾ? ನಷ್ಟ. 20 ಲಕ್ಷದ ಹೆಚ್ಚುವರಿ ಕಂಪ್ಯೂಟರ್ ಬೇಕಾ? ನಾಲ್ಕು ಟನ್‌ಗಿಂತ ಹೆಚ್ಚು ಬಾಡಿಗೆ ಅದಕ್ಕೇ ಹೋಗುತ್ತದೆ.

100 ಟನ್ನಿನ ಬಲೆ

ಪಟ್ಟಿಯಲ್ಲಿ 100 ಟನ್ ಹಲ್ (ಹಡಗಿನ ಒಡಲು) 20 ಲಕ್ಷ, 200 ಟನ್ನಿನದು 80 ಲಕ್ಷ. ನಾಲ್ಕನೇ ಒಂದು ಭಾಗ ಬೆಲೆ ನೋಡಿ ಎಲ್ಲರೂ ಚಿಕ್ಕದಕ್ಕೇ ಕೈ ಹಾಕುತ್ತಾರೆ. ಆದರೆ ಬ್ರಿಡ್ಜ್ (ಹಡಗು ನಡೆಸುವ ಕೋಣೆ) ಎಷ್ಟೇ ಚಿಕ್ಕ ಹಡಗಾದರೂ 20 ಟನ್ ತಿನ್ನುತ್ತದೆ. ಅತಿ ಸಣ್ಣ ಡ್ರೈವ್‌ಗಳೂ, ಅಂದರೆ ಎ ವರ್ಗದ ಮೂರು ಯಂತ್ರಗಳೂ, ಸೇರಿ 15 ಟನ್, 2 ಕೋಟಿ 20 ಲಕ್ಷ. ಹಲ್ ಅರ್ಧ ಮಾಡಿದರೆ ಇವೇನೂ ಅರ್ಧವಾಗುವುದಿಲ್ಲ. 100 ಟನ್ನಿನಲ್ಲಿ ಎ ಪವರ್‌ಪ್ಲಾಂಟಿನ ಶಕ್ತಿಯ ಅಂಕ 2 ಆಗುವುದರಿಂದ ಅದಕ್ಕೇ 20 ಟನ್ ಇಂಧನ, ಜಂಪ್-1ಕ್ಕೆ, ಅಂದರೆ ಒಂದು ಪಾರ್ಸೆಕ್ (ನಕ್ಷತ್ರಗಳ ದೂರದ ಅಳತೆ) ನೆಗೆತಕ್ಕೆ, ಇನ್ನು 10. ಎರಡು ಕ್ಯಾಬಿನ್ ಇಟ್ಟರೆ 8 ಟನ್, ಕಂಪ್ಯೂಟರ್ 1.

ಕೂಡಿಸಿ ಕಳೆದರೆ ಸರಕಿಗೆ ಉಳಿಯುವುದು 26 ಟನ್. ಬೆಲೆ 2 ಕೋಟಿ 75 ಲಕ್ಷ, ಕಂತು 1,14,583. ಹೊಟ್ಟೆ ತುಂಬ ಸರಕು ತುಂಬಿ ತಿಂಗಳಿಡೀ ಓಡಿಸಿದರೂ ಬಾಡಿಗೆ 52,000. ಮೂಗಿಗಿಂತ ಮೂಗುತಿ ಭಾರ.

200 ಟನ್ನಿನ ಮೂಲ ಪಟ್ಟಿ

ಆದ್ದರಿಂದ 200 ಟನ್ನಿನ ಸಿದ್ಧ ಹಲ್. ಇದರ ಎಂಜಿನ್ ವಿಭಾಗ ಸರಿಯಾಗಿ 15 ಟನ್ನಿನದು, ಎ ಡ್ರೈವ್‌ಗಳು ಅಳತೆ ತೆಗೆದು ಹೊಲಿಸಿದಂತೆ ಕೂರುತ್ತವೆ.

- ಹಲ್: 80 ಲಕ್ಷ
- ಜಂಪ್ ಡ್ರೈವ್ ಎ: 10 ಟನ್, 1 ಕೋಟಿ
- ಮನೂವರ್ ಡ್ರೈವ್ (ಗ್ರಹದ ಸುತ್ತಮುತ್ತ ಓಡಾಡಲು) ಎ: 1 ಟನ್, 40 ಲಕ್ಷ
- ಪವರ್‌ಪ್ಲಾಂಟ್ ಎ: 4 ಟನ್, 80 ಲಕ್ಷ
- ಬ್ರಿಡ್ಜ್: 20 ಟನ್, 10 ಲಕ್ಷ
- ಕಂಪ್ಯೂಟರ್ ಮಾಡೆಲ್ 1: 1 ಟನ್, 20 ಲಕ್ಷ
- ಇಂಧನ: ಜಂಪ್‌ಗೆ 20, ಪವರ್‌ಪ್ಲಾಂಟ್‌ಗೆ 10, ಒಟ್ಟು 30 ಟನ್
- ಕ್ಯಾಬಿನ್ ನಾಲ್ಕು: 16 ಟನ್, 20 ಲಕ್ಷ
- ಉಳಿದದ್ದು ಸರಕಿಗೆ: 118 ಟನ್

ಒಟ್ಟು 3 ಕೋಟಿ 50 ಲಕ್ಷ. ವಿನ್ಯಾಸಕಾರರ ನಕ್ಷೆಗೆ ಬೆಲೆಯ 1 ಶೇಕಡಾ ಬೇರೆ, ಇಲ್ಲಿ 3.5 ಲಕ್ಷ.

ಸಿಬ್ಬಂದಿ ಮೂವರು: ಪೈಲಟ್ 6,000, ಎಂಜಿನಿಯರ್ 4,000, ವೈದ್ಯ 2,000. ನ್ಯಾವಿಗೇಟರ್ ಕಡ್ಡಾಯವಾಗುವುದು 200 ಟನ್ ದಾಟಿದ ಮೇಲೆ. ನಾಲ್ಕನೇ ಕ್ಯಾಬಿನ್ನು ಒಬ್ಬ ಪ್ರಯಾಣಿಕನಿಗೆ; ಎರಡು ಟ್ರಿಪ್ಪಿಗೆ ಒಂದು ಸಲವಾದರೂ ಯಾರೋ ಹತ್ತುತ್ತಾರೆ ಅಂದುಕೊಳ್ಳೋಣ. ತಿಂಗಳ ಖರ್ಚು ಹೀಗೆ: ಕಂತು 1,45,833, ಸಂಬಳ 12,000, ಗಾಳಿ-ನೀರು-ಊಟ ಬಳಕೆಯಲ್ಲಿರುವ ಕ್ಯಾಬಿನ್ನಿಗೆ ಟ್ರಿಪ್ಪಿಗೆ 2,000ದಂತೆ 14,000, ಇಂಧನ 50 ಟನ್, ಶುದ್ಧೀಕರಿಸಿದ್ದು ಟನ್ನಿಗೆ 500ರಂತೆ 25,000, ವಾರ್ಷಿಕ ದುರಸ್ತಿಯ ತಿಂಗಳ ಪಾಲು 2,917, ಬಂದರು ಶುಲ್ಕ 200. ಒಟ್ಟು 1,99,950.

ಇದರಲ್ಲಿ ನೂರಕ್ಕೆ 73 ಭಾಗ ಬರೀ ಕಂತು. ಊಟದಲ್ಲಿ, ಸಂಬಳದಲ್ಲಿ ಚೌಕಾಸಿ ಮಾಡುವ ಆಟಗಾರರು ಇದನ್ನೊಮ್ಮೆ ನೋಡಬೇಕು. ಪ್ರಯಾಣಿಕ ಕೊಡುವ 8,000 ಕಳೆದು ಎರಡು ಟ್ರಿಪ್ಪಿಗೆ ಹಂಚಿದರೆ, ಪ್ರತಿ ಸಲ 96 ಟನ್ ಸರಕು ಸಿಕ್ಕರೆ ಮಾತ್ರ ಅಸಲು. 97ನೇ ಟನ್ನಿನಿಂದ ಲಾಭ.

ಜಂಪ್-2, 2ಜಿ: ಎರಡೂ ಬೇಡ

ಈ ನಿಯಮದಲ್ಲಿ ಬಾಡಿಗೆ ದೂರ ನೋಡುವುದಿಲ್ಲ. ಒಂದು ಪಾರ್ಸೆಕ್ ಹೋದರೂ ಟನ್ನಿಗೆ ಸಾವಿರ, ಎರಡು ಹೋದರೂ ಸಾವಿರ, ಸಮಯವೂ ಅದೇ ಒಂದು ವಾರ. ಜಂಪ್-2 ಬೇಕೆಂದರೆ ಬಿ ಜಂಪ್ ಡ್ರೈವ್, ಅದಕ್ಕೆ ಸರಿಸಮನಾದ ಬಿ ಪವರ್‌ಪ್ಲಾಂಟ್. ಯಂತ್ರಗಳು 23 ಟನ್ ಆಗಿ 15 ಟನ್ನಿನ ವಿಭಾಗದಿಂದ ಹೊರಗೆ ಚಾಚುತ್ತವೆ. ಆಗ ಸಿದ್ಧ ಹಲ್ ಬಿಟ್ಟು ಟನ್ನಿಗೆ ಲಕ್ಷದಂತೆ ಬೇರೆ ಮಾಡಿಸಬೇಕು. 80 ಲಕ್ಷದ ಹಲ್ 2 ಕೋಟಿಯಾಗುತ್ತದೆ. ಎಂಜಿನ್ ವಿಭಾಗದ ಮಿತಿ ನೋಡದೆ ಡ್ರೈವ್ ಆರಿಸುವುದು ಈ ಆಟದ ವಿನ್ಯಾಸಗಳಲ್ಲಿ ಕಾಣುವ ಮೊದಲನೇ ತಪ್ಪು, ಆಟ ನಡೆಸುವ ರೆಫರಿಗಳೂ ಎಷ್ಟೋ ಸಲ ಗಮನಿಸುವುದಿಲ್ಲ.

ವೇಗದ ಆಸೆಯೂ ಅಷ್ಟೇ. ಜಂಪ್ ಮಾಡಲು ಗ್ರಹದ ವ್ಯಾಸದ 100 ಪಟ್ಟು ದೂರ ಹೋಗಬೇಕು. ಭೂಮಿಯಷ್ಟು ದೊಡ್ಡ ಗ್ರಹವಾದರೆ ಸುಮಾರು 12.8 ಲಕ್ಷ ಕಿಲೋಮೀಟರ್. ಅರ್ಧದಾರಿ ವೇಗ ಏರಿಸಿ, ಉಳಿದರ್ಧ ಇಳಿಸಿಕೊಂಡು ಹೋದರೆ 1ಜಿ (ಭೂಮಿಯ ಗುರುತ್ವದಷ್ಟು ವೇಗ ಏರಿಸುವ) ಹಡಗಿಗೆ 6 ಗಂಟೆ 20 ನಿಮಿಷ, 2ಜಿ ಹಡಗಿಗೆ ನಾಲ್ಕೂವರೆ ಗಂಟೆ. ಎರಡು ವಾರದ ಚಕ್ರದಲ್ಲಿ, ಬಂದು ಸೇರುವ ದಾರಿಯನ್ನೂ ಹಿಡಿದು, ನಾಲ್ಕು ಗಂಟೆಗೂ ಕಡಿಮೆ ಉಳಿಸಲು ಬಿ ಯಂತ್ರಕ್ಕೆ ದುಡ್ಡು ಸುರಿಯುವುದು ಯಾವ ಲೆಕ್ಕ? ಕಡಲ್ಗಳ್ಳರು ಅಟ್ಟಿಸಿಕೊಂಡು ಬಂದರೆ ಅನ್ನುತ್ತೀರಿ. ಅವರ ಹಡಗು 2ಜಿಗಿಂತ ಜೋರಾಗಿಯೇ ಇರುತ್ತದೆ.

ಪ್ರಯಾಣಿಕರನ್ನು ಹತ್ತಿಸಬೇಕೇ?

ಇಲ್ಲೇ ಲೆಕ್ಕ ಸ್ವಾರಸ್ಯವಾಗುವುದು. ಒಂದು ಕ್ಯಾಬಿನ್ನಿನ ತಿಂಗಳ ಭಾರ: ಕಂತು 2,083, ಕಳೆದುಕೊಂಡ ನಾಲ್ಕು ಟನ್ ಸರಕಿನ ಬಾಡಿಗೆ 8,000, ಒಟ್ಟು 10,083. ಮಿಡ್ಲ್ ಪ್ಯಾಸೇಜ್ (ಸಾಧಾರಣ ದರ್ಜೆ) ಪ್ರಯಾಣಿಕ 8,000 ಕೊಡುತ್ತಾನೆ, ಅವನ ಖರ್ಚು 2,000, ಕೈಗೆ 6,000. ಎರಡು ಟ್ರಿಪ್ಪಿಗೆ 12,000. ನೂರಕ್ಕೆ 84 ಸಲ ಆ ಕ್ಯಾಬಿನ್ ತುಂಬಿದರೆ ಮಾತ್ರ ಸರಕಿಗಿಂತ ಮೇಲು.

ಹೈ ಪ್ಯಾಸೇಜ್ (ಮೇಲ್ದರ್ಜೆ) 10,000, ಕೈಗೆ 8,000. ಚೆನ್ನಾಗಿದೆ ಅನ್ನಿಸುತ್ತದೆ, ಆದರೆ ಇವರಿಗೆ ಸ್ಟೀವರ್ಡ್ ಬೇಕು, ಅವನಿಗೆ 3,000 ಸಂಬಳ, ಅವನಿಗೂ ಒಂದು ಕ್ಯಾಬಿನ್, ಊಟ. ಆರು ಹೈ ಕ್ಯಾಬಿನ್ನಿಗೆ ಒಬ್ಬ ಸ್ಟೀವರ್ಡ್ ಎಂದರೆ 81 ಶೇಕಡಾ ತುಂಬಬೇಕು. ಒಬ್ಬ ಸ್ಟೀವರ್ಡ್ ಎಂಟು ಜನರನ್ನು ನೋಡಿಕೊಳ್ಳಬಹುದು, ಎಂಟೂ ಇಟ್ಟರೆ 76ಕ್ಕೆ ಇಳಿಯುತ್ತದೆ. ಲೋ ಬರ್ತ್ (ಪ್ರಯಾಣಿಕರನ್ನು ಹೆಪ್ಪುಗಟ್ಟಿಸಿ ಮಲಗಿಸುವ ಪೆಟ್ಟಿಗೆ) ಅರ್ಧ ಟನ್, 50,000. ಮೂರರಲ್ಲಿ ಎರಡು ಸಲ ತುಂಬಿದರೆ ಸಾಕು.

ಪುಸ್ತಕದಲ್ಲಿರುವ ಪ್ರಸಿದ್ಧ ಫ್ರೀ ಟ್ರೇಡರ್ ಇದೇ ಹಲ್, ಇದೇ ಡ್ರೈವ್‌ಗಳ ಮೇಲೆ ಕಟ್ಟಿದ್ದು: ಹತ್ತು ಕ್ಯಾಬಿನ್, 20 ಲೋ ಬರ್ತ್, 82 ಟನ್ ಸರಕು, ಬೆಲೆ 3 ಕೋಟಿ 70 ಲಕ್ಷ 80 ಸಾವಿರ. ಪೂರ್ತಿ ತುಂಬಿದರೆ ತಿಂಗಳಿಗೆ 82,000ದಷ್ಟು ಉಳಿತಾಯ. ನಮ್ಮ ಸರಕು ಹಡಗು ಪೂರ್ತಿ ತುಂಬಿದರೂ 50,000 ದಾಟಿ ಹೆಚ್ಚು ಹೋಗುವುದಿಲ್ಲ. ಹಾಗಾದರೆ ಇಷ್ಟೆಲ್ಲ ಕಷ್ಟ ಯಾಕೆ?

ಯಾಕೆಂದರೆ ಪೂರ್ತಿ ತುಂಬುವುದು ಹಾಳೆಯ ಮೇಲೆ ಮಾತ್ರ. ಸರಕು 90 ಶೇಕಡಾ, ಪ್ರಯಾಣಿಕರು ಅರ್ಧ ಎಂದು ಇಟ್ಟು ನೋಡಿ. ಫ್ರೀ ಟ್ರೇಡರ್‌ನ ಆದಾಯ 2,28,000, ಖರ್ಚು 2,27,790. ತಿಂಗಳು ಪೂರ್ತಿ ದುಡಿದು ಉಳಿದದ್ದು 210 ಕ್ರೆಡಿಟ್! ಅದೇ ಸ್ಥಿತಿಯಲ್ಲಿ ಸರಕು ಹಡಗಿಗೆ 20,000 ಉಳಿಯುತ್ತದೆ. ಜನಸಂಖ್ಯೆ ಹೆಚ್ಚಿರುವ ಲೋಕಗಳ ನಡುವೆ ಓಡಿಸುವುದಾದರೆ ಫ್ರೀ ಟ್ರೇಡರ್ ತೆಗೆದುಕೊಳ್ಳಿ. ಗಣಿ, ಕೃಷಿ ಲೋಕಗಳ ದಾರಿ ಹಿಡಿದು ಪ್ರಯಾಣಿಕರು ವಿರಳವಾಗಿದ್ದರೆ ಸರಕು ಹಡಗು. ಅದಕ್ಕೇ ಹಲ್ ಆರಿಸುವ ಮೊದಲು ರೆಫರಿಯ ನಕ್ಷೆ ಕೇಳಿ ತೆಗೆದುಕೊಂಡು ದಾರಿ ಗೊತ್ತು ಮಾಡಿಕೊಳ್ಳಿ. ಎರಡೂ ತುದಿಯಲ್ಲಿ 80 ಟನ್ನಷ್ಟೇ ಸರಕು ಹುಟ್ಟುವ ದಾರಿಗೆ ಈ ಹಡಗು ಒಯ್ದರೆ ತಿಂಗಳಿಗೆ 32,000 ಕೈಬಿಡುತ್ತದೆ.

ಫ್ರೀ ಟ್ರೇಡರ್‌ನ ಬೆಲೆಯಲ್ಲಿ ಇನ್ನೊಂದು ಗುಟ್ಟಿದೆ. ಅದು ಚಾಲ್ತಿಯಲ್ಲಿರುವ ಮಾದರಿಯಾದ್ದರಿಂದ 10 ಶೇಕಡಾ ರಿಯಾಯಿತಿ ಕಳೆದ ಬೆಲೆ. ಇಲ್ಲದಿದ್ದರೆ 4 ಕೋಟಿ 12 ಲಕ್ಷ. ನೀವೇ ಬರೆದ ವಿನ್ಯಾಸಕ್ಕೆ ಆ ರಿಯಾಯಿತಿ ಇಲ್ಲ. ಈ ಭಾಗದ ಹಡಗುಕಟ್ಟೆಗಳಲ್ಲಿ ನಮ್ಮದೂ ಹತ್ತಾರು ವರ್ಷದಿಂದ ತಯಾರಾಗುತ್ತಿರುವ ಮಾದರಿ ಎಂದು ರೆಫರಿಯನ್ನು ಒಪ್ಪಿಸಲು ನೋಡಿ. ಒಪ್ಪಿದರೆ ಬೆಲೆ 3 ಕೋಟಿ 15 ಲಕ್ಷಕ್ಕೂ, ಅಸಲಿನ ಗೆರೆ 96ರಿಂದ 89 ಟನ್ನಿಗೂ ಇಳಿಯುತ್ತದೆ. ಬೆಲೆಯಲ್ಲಿ ಬೇರೆ ಯಾವ ಉಳಿತಾಯವೂ ಇದರ ಹತ್ತಿರಕ್ಕೆ ಬರುವುದಿಲ್ಲ.

ಇಬ್ಬರಲ್ಲಿ ಮುಗಿಸುವುದು

ಕೌಶಲವಿದ್ದರೆ ಒಬ್ಬನೇ ಎರಡು ಹುದ್ದೆ ನಿಭಾಯಿಸಬಹುದು. ಎರಡರಲ್ಲೂ ಕೌಶಲ ಒಂದು ಹಂತ ಇಳಿಯುತ್ತದೆ, ಎರಡಕ್ಕೂ ಮುಕ್ಕಾಲು ಸಂಬಳ. ಪೈಲಟ್ಟೇ ವೈದ್ಯನಾದರೆ ಸಂಬಳದಲ್ಲಿ ಉಳಿಯುವುದು 2,000. ಸಣ್ಣದೇ. ಆದರೆ ಒಂದು ಕ್ಯಾಬಿನ್ ಖಾಲಿಯಾಯಿತಲ್ಲ: ನಾಲ್ಕು ಟನ್ ಸರಕು, 4,000 ಊಟದ ಖರ್ಚು, 5 ಲಕ್ಷ ಬೆಲೆ. ಎಲ್ಲ ಸೇರಿ ತಿಂಗಳಿಗೆ 16,000. ಸರಕಿನ ಜಾಗ 122 ಟನ್, ಅಸಲಿನ ಗೆರೆ 92. ಲೋ ಬರ್ತ್ ಇರುವ ಹಡಗಿನಲ್ಲಿ ಈ ಕೆಲಸ ಮಾಡಬೇಡಿ, ಹೆಪ್ಪುಗಟ್ಟಿ ಮಲಗಿದವರು ಏಳುವುದು ಬಿಡುವುದು ವೈದ್ಯನ ಕೌಶಲದ ಮೇಲೂ ನಿಂತಿರುತ್ತದೆ. ನಮ್ಮದರಲ್ಲಿ ಆ ಚಿಂತೆಯಿಲ್ಲ.

ಕಂಪ್ಯೂಟರ್ ಮಾಡೆಲ್ 1 ಜಂಪ್-1ಕ್ಕೆ ಸಾಕು. ಹಾರಾಟದ ಯೋಜನೆ ತಾನೇ ತಯಾರಿಸುವ ಜನರೇಟ್ ಪ್ರೋಗ್ರಾಮಿಗೆ 8 ಲಕ್ಷ. ಇಲ್ಲವೆಂದರೆ ಬಂದರಿನಲ್ಲಿ ಸಿಗುವ, ಒಮ್ಮೆ ಬಳಸಿದರೆ ಅಳಿಸಿಹೋಗುವ ಕ್ಯಾಸೆಟ್, ಜಂಪ್-1ಕ್ಕೆ 10,000. 80 ಜಂಪಿಗೆ ಸರಿಹೋಗುತ್ತದೆ, ಅಂದರೆ ಮೂರು ವರ್ಷ ಚಿಲ್ಲರೆ. ಕೈಯಲ್ಲಿ ದುಡ್ಡಿದ್ದರೆ ಪ್ರೋಗ್ರಾಮ್ ಕೊಳ್ಳಿ. ಕ್ಯಾಸೆಟ್ ನಂಬಿ ಹೊರಟರೆ ಮೇಲಿನ ಖರ್ಚಿಗೆ ತಿಂಗಳಿಗೆ 20,000 ಸೇರಿಸಿಕೊಳ್ಳಬೇಕು, ಅಂದರೆ ಲಾಭವೆಲ್ಲ ಕ್ಯಾಸೆಟ್ಟಿಗೇ.

ಇಂಧನ

ಎ, ಬಿ ದರ್ಜೆ ಬಂದರುಗಳಲ್ಲಿ ಶುದ್ಧ ಇಂಧನ ಸಿಗುತ್ತದೆ. ಸಿ, ಡಿಗಳಲ್ಲಿ ಕಚ್ಚಾ ಮಾತ್ರ, ಟನ್ನಿಗೆ 100. ಹೊರಮೈ ನುಣುಪಾಗಿದ್ದರೆ ಅನಿಲ ದೈತ್ಯ ಗ್ರಹದ ಮೇಲ್ಪದರದಿಂದ ಬಿಟ್ಟಿಯಾಗಿ ಮೊಗೆದುಕೊಳ್ಳಬಹುದು. ತಿಂಗಳಿಗೆ 25,000 ಉಳಿಯುವ ಆಸೆ ದೊಡ್ಡದು. ಆದರೆ ಕಚ್ಚಾ ಇಂಧನ ಹಾಕಿದಾಗ ಜಂಪ್ ತಪ್ಪುವ ದಾಳಕ್ಕೆ ಒಂದು ಅಂಕ ಸೇರುತ್ತದೆ, ತಪ್ಪಿದರೆ ಯಾವುದೋ ದಿಕ್ಕಿಗೆ 1ರಿಂದ 36 ಪಾರ್ಸೆಕ್. ಜಂಪ್-1 ಹಡಗು ನಕ್ಷತ್ರವಿಲ್ಲದ ಜಾಗಕ್ಕೆ ಬಿದ್ದರೆ, ಟ್ಯಾಂಕ್ ಖಾಲಿ, ಕಥೆ ಮುಗಿಯಿತು. ಎರಡೂ ತುದಿಯಲ್ಲಿ ಎ ಅಥವಾ ಬಿ ಬಂದರಿರುವ ದಾರಿ ಸಿಗುವವರೆಗೆ ಹುಡುಕುವುದೇ ಜಾಣತನ. ವರ್ಷಕ್ಕೆ ಎರಡು ವಾರದ ದುರಸ್ತಿಗೂ ಅಂಥ ಬಂದರೇ ಬೇಕು.

ದೊಡ್ಡ ಹಡಗಿನ ಬಗ್ಗೆ ಕೇಳುವವರಿಗೆ: ಇದೇ ರೀತಿ ಬಿ ಡ್ರೈವ್ ಹಾಕಿ ಕಟ್ಟಿದ 400 ಟನ್ನಿನ ಹಡಗು 6 ಕೋಟಿ 65 ಲಕ್ಷಕ್ಕೆ 259 ಟನ್ ಹೊರುತ್ತದೆ, ಸುಮಾರು 180 ಟನ್ನಿಗೆ ಅಸಲು. ಪಾಲಿನ ಲೆಕ್ಕದಲ್ಲಿ ಇದೇ ಮೇಲು. ಆದರೆ ಪ್ರತಿ ಎರಡು ವಾರಕ್ಕೂ 180 ಟನ್ ಹುಟ್ಟಿಸುವ ಜೋಡಿ ಲೋಕಗಳು ಬೇಕಲ್ಲ.

ಸರಕಿನ ಜಾಗ 120 ಇರಲಿ, 118 ಬೇಡ

ಬಂದರಿನಲ್ಲಿ ಸರಕು ಮೂಟೆ ಲೆಕ್ಕದಲ್ಲಿ ಬರುತ್ತದೆ. ದೊಡ್ಡದು ಒಂದು ದಾಳದ ಹತ್ತು ಪಟ್ಟು, 10ರಿಂದ 60 ಟನ್. ನಡುವಿನದು ಐದು ಪಟ್ಟು, 5ರಿಂದ 30. ಚಿಲ್ಲರೆ 1ರಿಂದ 6. ಯಾವುದನ್ನೂ ಒಡೆದು ಅರ್ಧ ಹಾಕಿಕೊಳ್ಳುವಂತಿಲ್ಲ. 60, 40, 15 ತುಂಬಿದಿರಿ, 115 ಆಯಿತು. ಮುಂದಿನದು 5 ಟನ್, ನಿಮ್ಮಲ್ಲಿ 3 ಉಳಿದಿದೆ. ಚಿಲ್ಲರೆ ಮೂಟೆ ಸಿಗದಿದ್ದರೆ ಆ ಮೂರು ಟನ್ ಪ್ರತಿ ಸಲವೂ ಖಾಲಿ ಹಾರುತ್ತದೆ, ತಿಂಗಳಿಗೆ 6,000 ನಷ್ಟ. ಸರಕಿನ ಜಾಗ ಐದರ, ಸಾಧ್ಯವಾದರೆ ಹತ್ತರ ಗುಣಕವಾಗಿರಬೇಕು.

ಇಬ್ಬರು ಸಿಬ್ಬಂದಿ, ಮೂರು ಕ್ಯಾಬಿನ್ನಿನ ಹಡಗಿನಲ್ಲಿ 122 ಇತ್ತಲ್ಲ, ಅದರಲ್ಲಿ 120 ಸರಕಿಗೆ ಇಡಿ. ಉಳಿದ ಎರಡರಲ್ಲಿ ಒಂದು ಟನ್ ಮುಂದೆಂದಾದರೂ ಕೂರಿಸುವ ಗೋಪುರ ತುಪಾಕಿಯ ನಿಯಂತ್ರಣಕ್ಕೆ (ತುಪಾಕಿ ಕೂರುವ ಹಾರ್ಡ್‌ಪಾಯಿಂಟಿಗೆ 1 ಲಕ್ಷ ಸೇರಿಸಿ), ಇನ್ನೊಂದು ಹಡಗಿನ ಸ್ವಂತ ಸಾಮಾನಿಗೆ. ಆಟಗಾರರು ಬಂದೂಕು, ಹಗ್ಗ, ಬಾಹ್ಯಾಕಾಶ ಉಡುಪು ಎಂದು ಕೊಂಡು ಗುಡ್ಡೆ ಹಾಕುವುದಕ್ಕೆ ಎಲ್ಲೋ ಜಾಗ ಬೇಕೇ ಬೇಕು, ಇಲ್ಲದಿದ್ದರೆ ಅದು ಸರಕಿನ ಕೋಣೆಗೆ ಬರುತ್ತದೆ.

ನಕ್ಷೆ ಬಿಡಿಸುವಾಗ

ಈ ಆಟದ ಟನ್ ತೂಕವಲ್ಲ, ಗಾತ್ರ. ಒಂದು ಟನ್ ದ್ರವ ಜಲಜನಕ ಹಿಡಿಯುವ ಜಾಗ, ಸುಮಾರು 14 ಘನ ಮೀಟರ್. ನಕ್ಷೆಯಲ್ಲಿ ಒಂದೂವರೆ ಮೀಟರ್ ಚೌಕದ ಎರಡು ಮನೆ, ಎತ್ತರ ಮೂರು ಮೀಟರ್. 200 ಟನ್ ಎಂದರೆ 400 ಮನೆ.

120 ಟನ್ ಸರಕಿಗೆ 240 ಮನೆ: ಅಗಲ 12, ಉದ್ದ 20. ಕಂಟೇನರನ್ನು ಎರಡು ಮನೆ ಅಗಲ, ನಾಲ್ಕು ಮನೆ ಉದ್ದ ಎಂದು ನಿಗದಿ ಮಾಡಿದರೆ ಒಂದಕ್ಕೆ ನಾಲ್ಕು ಟನ್. ಅಡ್ಡಕ್ಕೆ ಆರು, ಉದ್ದಕ್ಕೆ ಐದು, ಮೂವತ್ತು ಕಂಟೇನರ್ ಇಟ್ಟಿಗೆ ಜೋಡಿಸಿದಂತೆ ಕೂರುತ್ತವೆ. ನಡುವೆ ಓಡಾಡುವ ದಾರಿ ಬೇಕು ಎಂದು ಒಂದು ಸಾಲು ತೆಗೆದರೆ 20 ಟನ್ ಹೋಯಿತು, ಅಸಲಿನ ಗೆರೆಯಿಂದ ಮೇಲಿದ್ದ ಲಾಭವೆಲ್ಲ ಹೆಚ್ಚುಕಡಿಮೆ ಅದರಲ್ಲೇ ಇತ್ತು. ದಾರಿ ಬೇಕಾಗಿಲ್ಲ. ಬಾಡಿಗೆ ಸರಕು ಒಂದೇ ಊರಿನದು, ಮುಂದಿನ ಬಂದರಿನಲ್ಲಿ ಎಲ್ಲವೂ ಇಳಿಯುತ್ತದೆ. ಹಿಂಬದಿಯ ಬಾಗಿಲನ್ನು ಕೋಣೆಯ ಪೂರ್ತಿ ಅಗಲಕ್ಕೆ ಬಿಡಿಸಿ, ಮೇಲ್ಛಾವಣಿಗೆ ಕ್ರೇನ್ ಹಳಿ ಹಾಕಿ. ನೀವೇ ಕೊಂಡು ಒಳ್ಳೆ ಬೆಲೆಗೆ ಕಾದಿರಿಸಿದ ಮಾಲು ಇದ್ದರೆ ಅದನ್ನು ಎಲ್ಲಕ್ಕಿಂತ ಮೊದಲು, ಒಳಗಿನ ಗೋಡೆಗೆ ಒತ್ತಿ ಇಡಬೇಕು.

ಹಿಂಬದಿ ಬಾಗಿಲಿಗೆ ಹೋದರೆ ಎಂಜಿನ್ ಎಲ್ಲಿ ಕೂರಬೇಕು? ಎರಡು ಪಕ್ಕೆಗಳಲ್ಲಿ, 15 ಮನೆಯಂತೆ ಒಡೆದು. ಇಂಧನದ 60 ಮನೆಯನ್ನು ಸರಕು ಕೋಣೆಗೂ ಕ್ಯಾಬಿನ್‌ಗಳಿಗೂ ನಡುವೆ 12 ಅಗಲ, 5 ಉದ್ದದ ಗೋಡೆಯಂತೆ ಇಟ್ಟು, ಮಧ್ಯದಲ್ಲಿ ಒಂದು ಮನೆ ಅಗಲದ ಸುರಂಗ ಬಿಡಿ. ಸುರಂಗಕ್ಕೆ ಹೋದ ಐದು ಮನೆಯ ಇಂಧನ ಪಕ್ಕೆಗೆ ಸೇರಲಿ. ಕ್ಯಾಬಿನ್ನಿಗೆ ಎಂಟು ಮನೆಯಂತೆ 24 ಸಿಕ್ಕರೂ ಅಷ್ಟನ್ನೂ ಮಲಗುವ ಕೋಣೆಗೇ ಕೊಡಬೇಡಿ. ಓಣಿ, ಅಡುಗೆಮನೆ, ಕಕ್ಕಸು ಎಲ್ಲ ಅದರಲ್ಲೇ ಬರಬೇಕು. ಕೋಣೆಗೆ ಐದು ಮನೆ ಸಾಕು, ಮೂರು ಕೋಣೆಯಿಂದ ಉಳಿದ ಒಂಬತ್ತು ಮನೆಯಲ್ಲಿ ಒಂದು ಊಟದ ಮೇಜು, ಓಣಿ, ಏರ್‌ಲಾಕ್‌ಗೆ ಹೋಗುವ ಬಾಗಿಲು ಹಿಡಿಯುತ್ತವೆ. ಬ್ರಿಡ್ಜ್‌ನ 40 ಮನೆಯಲ್ಲೂ ಅರ್ಧಕ್ಕಿಂತ ಹೆಚ್ಚು ಯಂತ್ರಗಳೇ ಎಂದು ಗೆರೆ ಹಾಕಿ ಮುಚ್ಚಿಬಿಡಿ. ಇಲ್ಲವೆಂದರೆ ಇಬ್ಬರು ಕೂರುವ ಕೋಣೆ ಮದುವೆ ಛತ್ರದಷ್ಟು ಕಾಣುತ್ತದೆ.